ಕೆಂದಿಯ ಕುತ್ತಿಗೆಯ ಗಂಟು

ಎಂಬತ್ತರ ದಶಕದ ಮೊದಲ ವರ್ಷಗಳು. ಕಡೂರು ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ನಾನು ಕಾಂಪೌಂಡರ್. ಸೀಮೆಹಸುಗಳು ಊರಿಗೆ ಬಂದಿದ್ದೇ ತಡ, ಅವುಗಳ ಕರುಗಳು ಉಣುಗಿನ ಜ್ವರಕ್ಕೆ ಸಾಯತೊಡಗಿದ್ದವು. ಉಣುಗು ಕಚ್ಚಿದಾಗ ರಕ್ತಕ್ಕೆ ಇಳಿಯುವ ಪರಾವಲಂಬಿಯೊಂದು ಈ ಜ್ವರ ತರುತ್ತದೆ. ಅದಕ್ಕಿದ್ದ ಲಸಿಕೆ ಅಷ್ಟಕ್ಕಷ್ಟೆ. ಸತ್ತ ಬ್ಯಾಕ್ಟೀರಿಯಾ ಬೆರೆಸಿ ಚುಚ್ಚಿದರೆ ಲಸಿಕೆಗೆ ಬಲ ಬರುತ್ತದೆಯೇ ಎಂದು ಪರೀಕ್ಷಿಸಲು ಹೊರಗಿನಿಂದ ಒಬ್ಬ ಡಾಕ್ಟರು ಬಂದರು.

ಹಿರೇನಲ್ಲೂರಿನ ಆಚೆಯ ನಮ್ಮ ಊರನ್ನು ನಾನೇ ತೋರಿಸಿದೆ. ನಮ್ಮ ಕೊಟ್ಟಿಗೆಯ ಎರಡು ಕರುಗಳಲ್ಲಿ ಕೆಂದಿಗೆ ಬ್ಯಾಕ್ಟೀರಿಯಾ ಬೆರೆತ ಲಸಿಕೆ, ಕರಿಯದಕ್ಕೆ ಬರೀ ಲಸಿಕೆ. ಬೆರಕೆ ಚುಚ್ಚಿದ ಕಡೆ ಗಂಟೇಳುತ್ತದೆ, ಅದು ಒಳ್ಳೆಯ ಲಕ್ಷಣ ಎಂದರು ಡಾಕ್ಟರು. “ಜನಕ್ಕೆ ಹೇಳೋದು ಬೇಡ, ಹೆದರ್ತಾರೆ.” ನಾನು ಅವ್ವನಿಗೆ ಹೇಳಿಯೇಬಿಟ್ಟೆ.

“ಗಂಟು ಬಂದ್ರೆ ಮುಟ್ಬೇಡ ಕಣವ್ವ.”

“ಗಂಟು ಬರ್ಸೋದೂ ಒಂದು ಔಷ್ದೀನೇನೋ?” ಎಂದಳು.

ನಾನು ಕೆಲಸದ ಮೇಲೆ ತರೀಕೆರೆಗೆ ಹೋಗಿ ಬರುವಷ್ಟರಲ್ಲಿ ಕೆಂದಿಯ ಕುತ್ತಿಗೆಯಲ್ಲಿ ಗಂಟೆದ್ದಿತ್ತು. ಅವ್ವ ಕುಡುಗೋಲು ಕಾಯಿಸಿ ಅದರ ಮೇಲೆ ಬರೆ ಎಳೆದಿದ್ದಳು. ದನಕ್ಕೆ ಎಲ್ಲಿ ಬಾವು ಬಂದರೂ ನಮ್ಮೂರಿನಲ್ಲಿ ಅದೇ ಮದ್ದು. ಅವಳನ್ನು ನೋಡಿ, ಕರುಗಳಿಗೆ ಗಂಟೆದ್ದಿದ್ದ ಉಳಿದ ಮನೆಯವರೂ ಎಳೆದರು.

ಡಾಕ್ಟರು ಬಂದು ನೋಡಿ ಉರಿದುಬಿದ್ದರು. “ಸುಟ್ಟ ಗಾಯದ ಮೇಲೆ ಏನ್ರೀ ಪರೀಕ್ಷೆ? ಈ ಊರು ಲೆಕ್ಕಕ್ಕಿಲ್ಲ.”

ಮಳೆಗಾಲದವರೆಗಾದರೂ ಕಾದು ನೋಡಿ ಎಂದು ಗೋಗರೆದೆ. ಕಿವಿಗೇ ಹಾಕಿಕೊಳ್ಳದೆ ಜೀಪು ಹತ್ತಿದರು. ಗಂಟಿನ ವಿಷಯ ಮೊದಲೇ ಮನೆಮನೆಗೆ ಹೇಳಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಮಳೆ ಬಿದ್ದು ಉಣುಗು ಹೆಚ್ಚಿತು. ಕರಿಯದು ಜ್ವರದಲ್ಲಿ ಸತ್ತಿತು. ಕೆಂದಿ ಒಂದು ಹೊತ್ತೂ ಮೇವು ಬಿಡಲಿಲ್ಲ. ಒಂದು ಕರುವಿನಿಂದ ಏನೂ ಸಾಬೀತಾಗದು, ನಿಜ. ಆದರೆ ಡಾಕ್ಟರು ಹುಡುಕಿಕೊಂಡು ಬಂದಿದ್ದು ಬಹುಶಃ ನಮ್ಮ ಕೊಟ್ಟಿಗೆಯಲ್ಲೇ ಹುಲ್ಲು ಮೇಯುತ್ತಿತ್ತು, ನೋಡಲು ಅವರಿರಲಿಲ್ಲ.

“ನೋಡ್ದೇನೋ, ಬರೆ ಎಳ್ದಿದ್ಕೇ ಉಳೀತು” ಎಂದಳು ಅವ್ವ.

ಊರು ಅವಳನ್ನೇ ನಂಬಿತು. ಗಂಟಿಲ್ಲದ ಕರುಗಳನ್ನೂ ಬರೆ ಎಳೆಸಲು ನಮ್ಮ ಅಂಗಳಕ್ಕೆ ಹಿಡಿದು ತಂದರು. ಉಳಿದದ್ದು ಲಸಿಕೆಯಿಂದ ಎಂದು ನಾನು ಕೂಗಾಡಿದೆ. ಹಾಗಾದರೆ ಕರಿಯದಕ್ಕೆ ಚುಚ್ಚಿದ್ದು ಏನು ಎಂದು ಕೇಳಿ ನಕ್ಕರು.

ಕೆಂದಿ ಬೆಳೆದು ಹೆಣ್ಣುಗರು ಹಾಕಿತು. ಲಸಿಕೆಗಾಗಿ ನಾನು ಅಜ್ಜಂಪುರ, ತರೀಕೆರೆ ಎಲ್ಲ ಅಲೆದೆ, ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಅವ್ವ ಅದರ ಎಳೆ ಕುತ್ತಿಗೆಗೂ ಬರೆ ಎಳೆದಾಗಿತ್ತು. ಮಳೆಗಾಲದ ಜ್ವರಕ್ಕೆ ಅದೂ ಹೋಯಿತು.

ಅವ್ವ ಸತ್ತ ಕರುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

“ಕುಡುಗೋಲು ಸರ್ಯಾಗಿ ಕಾದಿರ್ಲಿಲ್ಲ ಕಣೋ.”