ಪಿಸ್ತೂಲಿನ ಮುಂದೆ ಇಟ್ಟ ಎಡೆ

ಮೊನ್ನೆ ಮಧ್ಯಾಹ್ನ ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಡಲು ಕೂತಿದ್ದೆ. ಈಗ ಹೊಲಿಯುವುದೇನೂ ಇಲ್ಲ, ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಕಣ್ಣಲ್ಲಿ ನೀರು ಬರುತ್ತದೆ. ಆದರೂ ಇಷ್ಟು ವರ್ಷ ಅನ್ನ ಹಾಕಿದ ಮಿಷಿನ್ನು, ತುಕ್ಕು ಹಿಡಿಯಲಿ ಎಂದು ಬಿಡಲು ಮನಸ್ಸು ಬರುವುದಿಲ್ಲ. ಉದ್ದ ಮೂತಿಯ ಡಬ್ಬಿಯಿಂದ ಹನಿ ಬಿದ್ದದ್ದೇ ತಡ, ಆ ವಾಸನೆ… ಬೇರೆಯವರಿಗೆ ಅದು ದರ್ಜಿ ಅಂಗಡಿಯ ವಾಸನೆ. ನನಗೆ ಪಿಸ್ತೂಲಿನ ವಾಸನೆ. ನಗಬೇಡಿ, ನಿಜವಾದ ಪಿಸ್ತೂಲನ್ನೇ ಹೇಳುತ್ತಿದ್ದೇನೆ.

ನಾನು ಜಗಳೂರು ಕಡೆಯವಳು. ಎಪ್ಪತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ನ್ಯಾಮತಿಗೆ ಬಂದೆ. ಆಗ ನ್ಯಾಮತಿ ತಾಲ್ಲೂಕಾಗಿರಲಿಲ್ಲ, ಸರ್ಕಾರಿ ಕೆಲಸ ಏನೇ ಇದ್ದರೂ ಹೊನ್ನಾಳಿ ಬಸ್ಸು ಹತ್ತಬೇಕಿತ್ತು. ನಮ್ಮ ಮನೆಗೆ ಗೋಡೆ ಹೊಂದಿಕೊಂಡಂತೆ ಇದ್ದದ್ದು ಮಿಲ್ಟ್ರಿ ಮಾವನ ಮನೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದ ಸಿಪಾಯಿ. ಓಣಿಗೆಲ್ಲ ಅವರು ಮಿಲ್ಟ್ರಿ ಮಾವ, ಹಾಗಾಗಿ ಅವರ ಹೆಂಡತಿ ಮಿಲ್ಟ್ರಿ ಅತ್ತೆ. ಪಾಪ, ಆಕೆ ಶಿವಮೊಗ್ಗ ದಾಟಿದವರಲ್ಲ. ಆದರೆ ಇಬ್ಬರಲ್ಲಿ ಮಿಲ್ಟ್ರಿ ಗತ್ತು ಯಾರಿಗಿತ್ತು ಎಂದು ಕೇಳಿದರೆ ನಾನು ಅತ್ತೆಯ ಕಡೆಗೇ ಕೈ ತೋರಿಸುತ್ತೇನೆ. ಮಾವ ಮೆತ್ತಗಿನ ಮನುಷ್ಯ.

ನಾನು ಬಂದ ವರ್ಷ, ಪಿತೃಪಕ್ಷದ ಅಮಾವಾಸ್ಯೆಗೆ ಮುಂಚೆ, ಮಾವ ಕೈಯಲ್ಲೊಂದು ಚಿಂದಿ ಬಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತರು.

“ಒಂದೀಟು ಮಿಷಿನ್ ಎಣ್ಣೆ ಕೊಡ್ತೀಯೇನವ್ವ?”

“ಬಾಗಿಲು ಕಿರುಗುಟ್ಟಾಕೆ ಹತ್ತೈತೇನ್ರಿ ಮಾವ?”

“ಇಲ್ಲವ್ವ, ಪಿಸ್ತೂಲಿಗೆ.”

ಹೊಸ ಸೊಸೆ ನಾನು, ಎರಡು ಹೆಜ್ಜೆ ಹಿಂದೆ ಸರಿದೆ. ಒಳಗಿದ್ದ ನಮ್ಮತ್ತೆ ಬಿದ್ದು ಬಿದ್ದು ನಕ್ಕರು. ಆಮೇಲೆ ಗೊತ್ತಾಯಿತು, ಅದು ಊರಿಗೇ ಗೊತ್ತಿದ್ದ ಪಿಸ್ತೂಲು. ಅದಕ್ಕೆ ಲೈಸೆನ್ಸ್ ಇತ್ತು. ಗುಂಡು ಹಾರದ ಹಾಗೆ ಪೊಲೀಸರು ಒಳಗಿನ ಮೊಳೆಯೊಂದನ್ನು ತೆಗೆಸಿಬಿಟ್ಟಿದ್ದರು. ಆದರೂ ಚುನಾವಣೆ ಬಂದಾಗಲೆಲ್ಲ ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ ಹೊನ್ನಾಳಿ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಹಲ್ಲು ಕಿತ್ತ ನಾಯಿಗೂ ಸರಪಳಿ ಹಾಕುತ್ತಾರೆ ಎಂದು ನಮ್ಮೆಜಮಾನರು ತಮಾಷೆ ಮಾಡುತ್ತಿದ್ದರು.

ಅದು ಮಾವನ ಕೈಗೆ ಬಂದದ್ದು ಹೇಗೆ ಎನ್ನುವುದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಕಥೆ. ಕ್ಷೌರದ ಅಂಗಡಿಯಲ್ಲಿ ಕೇಳಿದರೆ, ಮಾವ ಒಂದೇ ಗುಂಡಿಗೆ ಮೂವರು ಜಪಾನಿಗಳನ್ನು ಮಲಗಿಸಿದ್ದರು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಕಥೆಯಲ್ಲಿ ಜಪಾನಿನ ದೊಡ್ಡ ಅಧಿಕಾರಿಯೊಬ್ಬ ಮಾವನ ಕಾಲು ಹಿಡಿದು ಪಿಸ್ತೂಲು ಒಪ್ಪಿಸಿದ್ದ. ಚನ್ನಗಿರಿಯಲ್ಲಿದ್ದ ಮಾವನ ಅಳಿಯನಂತೂ ಇನ್ನೂ ಮುಂದೆ ಹೋಗಿ, ಅದೇ ಪಿಸ್ತೂಲಿನಿಂದ ಸೂಳೆಕೆರೆಯಲ್ಲಿ ಮೊಸಳೆ ಹೊಡೆದದ್ದನ್ನು ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಮಾವ ಯಾವುದನ್ನೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಆ ಅಮಾವಾಸ್ಯೆಯ ದಿನ ಮಿಲ್ಟ್ರಿ ಅತ್ತೆ ನನ್ನನ್ನು ಕೈಕೆಲಸಕ್ಕೆ ಕರೆದರು. ನಮ್ಮ ಕಡೆ ಅವತ್ತು ಹಿರಿಯರ ಹಬ್ಬ. ತೀರಿಕೊಂಡವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಮುಂದೆ ಎಲೆ ಹಾಕಿ, ಮಾಡಿದ ಅಡುಗೆಯನ್ನೆಲ್ಲ ಬಡಿಸಿ, ಪಕ್ಕಕ್ಕೆ ನೀರಿಡುತ್ತೇವೆ. ಅದೇ ಎಡೆ. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತೇವೆ. ಹೆಸರು ಹೇಳದಿದ್ದರೆ ಎಡೆ ಮುಟ್ಟುವುದಿಲ್ಲ ಎನ್ನುತ್ತಾರೆ. ಮಾವನ ಮನೆಯಲ್ಲಿ ಅವರ ತಂದೆತಾಯಿಗೆ ದೇವರ ಮನೆಯಲ್ಲಿ ಎಡೆ ಇತ್ತು. ನಡುಮನೆಯ ಬಾಗಿಲ ಹತ್ತಿರ ಬೇರೆಯದೇ ಒಂದು ಎಲೆ. ಅದರ ಮುಂದೆ ಬಟ್ಟೆಯಿಲ್ಲ, ಫೋಟೋ ಇಲ್ಲ, ಎಣ್ಣೆ ಹಚ್ಚಿ ಒರೆಸಿದ ಆ ಪಿಸ್ತೂಲು. ಅದರ ಮೇಲೆ ಕೆತ್ತಿದ್ದ ನಾಲ್ಕು ಜಪಾನಿ ಅಕ್ಷರಗಳನ್ನು ಅತ್ತೆ ಎಲೆಯ ಮುಂದೆ ರಂಗೋಲಿಯಲ್ಲಿ ಬರೆದಿದ್ದರು. ಓದು ಬರಹ ಬಾರದ ಕೈ ಅದು, ಒಂದು ಗೆರೆ ಓರೆಯಿಲ್ಲ! ಮಾವ ಕೈಮುಗಿದು, “ಮಿಜಪ್ಪ, ಉಣ್ಣಾಕೆ ಬಾರಪ್ಪ” ಎಂದರು.

ನನಗೆ ನಗು ಬಂತು. ಅತ್ತೆ ಕಣ್ಣು ಬಿಟ್ಟು ನೋಡಿದ ಮೇಲೆ ನುಂಗಿಕೊಂಡೆ.

ಕಥೆಯನ್ನು ಮಾವ ಹೇಳಿದ್ದು ಆಮೇಲಿನ ವರ್ಷಗಳಲ್ಲಿ, ಒಂದು ಸಂಜೆ ಜಗಲಿ ಮೇಲೆ ಕೂತು. ಬಹುಶಃ ನಾನು ಜಗಳೂರಿನವಳು ಎಂದೇ ನನಗೆ ಹೇಳಿದರೇನೋ.

“ಬರ್ಮಾ ಅಂದ್ರೆ ಬರೇ ಕಾಡು ಅಂತಾರೆ. ಸುಳ್ಳವ್ವ. ನಿಮ್ ಜಗಳೂರಿನಂಥ ಬಯಲೂ ಐತೆ. ಜಾಲಿ ಮರ, ಕಳ್ಳಿ, ಸುಡೋ ಬಿಸಿಲು. ನಮ್ಮೂರ ಕಡೀಗೇ ಬಂದೀನೇನೋ ಅನ್ನಿಸಿತ್ತು ನಂಗೆ.”

ಜಪಾನಿನವರು ಸೋತು ಹಿಂದೆ ಸರಿಯುತ್ತಿದ್ದ ದಿನಗಳು. ಜೊತೆಯವರಿಂದ ಸ್ವಲ್ಪ ದೂರ ಬಂದಿದ್ದ ಮಾವನಿಗೆ ಜಾಲಿ ಮರದ ಕೆಳಗೆ ಒಬ್ಬ ಜಪಾನಿ ಕಂಡ. ತೊಡೆಗೆ ಗುಂಡು ಬಿದ್ದು, ಅದು ಹಳತಾಗಿ ಬಾತುಕೊಂಡಿತ್ತು. ಪಿಸ್ತೂಲು ಮಡಿಲಲ್ಲಿತ್ತು, ಎತ್ತುವ ಶಕ್ತಿ ಇರಲಿಲ್ಲ. ಮಾವ ಬಂದೂಕು ಗುರಿಯಿಟ್ಟು ನಿಂತರು. ಅವನು ಎದೆಯ ಮೇಲೆ, ಕುತ್ತಿಗೆಯ ಹತ್ತಿರ ಕೈಯಿಟ್ಟುಕೊಂಡು “ಮಿಜು… ಮಿಜು…” ಎಂದ. ಹೆಸರು ಹೇಳುತ್ತಿದ್ದಾನೆ ಎಂದುಕೊಂಡರು ಮಾವ. ಸಾಯುವ ಹೊತ್ತಿಗೆ ಯಾರಾದರೂ ಒಬ್ಬರಿಗೆ ಹೆಸರು ಹೇಳಿ ಹೋಗಬೇಕು ಅನ್ನಿಸುವುದು ಸಹಜ ತಾನೇ? ಮಾವನೂ ಬಂದೂಕು ಇಳಿಸಿ, ತಮ್ಮ ಎದೆ ಮುಟ್ಟಿ ತಮ್ಮ ಹೆಸರು ಹೇಳಿದರು. ಅವನು ಮತ್ತೆ “ಮಿಜು” ಎಂದ. ಇವರು ಮತ್ತೆ ತಮ್ಮ ಹೆಸರು ಹೇಳಿದರು. ಅವನು ಇವರ ಮುಖವನ್ನೇ ನೋಡುತ್ತಾ ಇದ್ದು, ಆಮೇಲೆ ನೋಡುವುದನ್ನು ನಿಲ್ಲಿಸಿದ. ಪಿಸ್ತೂಲು ಹಾಗೆ ಬಂದದ್ದು.

“ನಾನು ಹೊಡೀಲಿಲ್ಲವ್ವ. ಹೆಸ್ರು ಹೇಳ್ಕೊಂಡ್ವಿ, ಅಷ್ಟೇ. ಅವ್ರ ಮನ್ಯಾಗೆ ಗೊತ್ತೈತೋ ಇಲ್ಲೋ, ಅವ್ನಿಗೆ ಎಡೆ ಇಡೋರು ಅದಾರೋ ಇಲ್ಲೋ…”

ಮಾವನಿಗಿದ್ದದ್ದು ಒಂದೇ ಕೊರಗು. ಮಿಜು ಎನ್ನುವುದು ಅರ್ಧ ಹೆಸರಿರಬೇಕು, ಪೂರ್ತಿ ಹೆಸರು ಪಿಸ್ತೂಲಿನ ಮೇಲಿದೆ, ಅದನ್ನು ಓದಿಸಬೇಕು. “ಅರ್ಧ ಹೆಸ್ರಿಗೆ ಕರುದ್ರೆ ಅರ್ಧ ದಾರಿಗೆ ಬಂದು ನಿಂತಿರ್ತಾನೆ” ಎನ್ನುತ್ತಿದ್ದರು. ತಾವು ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ ಪೂರ್ತಿ ಹೆಸರು ಹಿಡಿದು ಕರೆಯಬೇಕು ಎಂಬ ಹಟ.

ನಾನೇ ಪಿಸ್ತೂಲಿನ ಮೇಲೆ ತೆಳು ಕಾಗದವಿಟ್ಟು, ಪೆನ್ಸಿಲ್ ಉಜ್ಜಿ ಆ ಅಕ್ಷರಗಳನ್ನು ಇಳಿಸಿಕೊಟ್ಟೆ. ಮಾವ ಅದನ್ನು ಹಿಡಿದು ಶಿವಮೊಗ್ಗಕ್ಕೆ ಹೋದರು, ಯಾರ ಹತ್ತಿರ ಗೊತ್ತೇ? ಚಳಿಗಾಲಕ್ಕೆ ರಸ್ತೆ ಬದಿಯಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟಿನವರ ಹತ್ತಿರ! ಮುಖ ನೋಡಿದರೆ ಜಪಾನಿನವರ ಹಾಗೇ ಇದ್ದಾರಲ್ಲ ಎನ್ನುವುದು ಮಾವನ ಲೆಕ್ಕ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ನಕ್ಕು, ಚಹಾ ಕುಡಿಸಿ ಕಳಿಸಿದರಂತೆ. ಮಾವ ಒಂದು ಕೆಂಪು ಸ್ವೆಟರ್ ಕೊಂಡುಕೊಂಡು ವಾಪಸ್ಸು ಬಂದರು. ಅತ್ತೆ ಬೈದದ್ದು ನಮ್ಮ ಮನೆಗೂ ಕೇಳಿಸಿತು.

ಎಂಬತ್ತರ ದಶಕ ಶುರುವಾಗಿತ್ತು. ಹೊನ್ನಾಳಿಗೆ ಕೃಷಿ ಇಲಾಖೆಯ ಹೊಸ ಸಾಹೇಬರೊಬ್ಬರು ಬಂದರು. ಅವರ ಹೆಂಡತಿ ನನ್ನ ಹತ್ತಿರ ರವಿಕೆ ಹೊಲಿಸುತ್ತಿದ್ದರು. ಒಂದು ದಿನ ಅಳತೆ ಕೊಡುತ್ತಾ, ತಮ್ಮ ಯಜಮಾನರು ಭತ್ತದ ಬೇಸಾಯ ಕಲಿಯಲು ಜಪಾನಿಗೆ ಹೋಗಿದ್ದರು, ಅಲ್ಲಿಯ ಭಾಷೆ ಸ್ವಲ್ಪ ಬರುತ್ತದೆ ಎಂದರು. ನನ್ನ ಕೈಯಲ್ಲಿದ್ದ ಟೇಪು ಅಲ್ಲೇ ಬಿತ್ತು. ಅವರನ್ನು ಕಳಿಸಿದವಳೇ ಓಡಿಹೋಗಿ ಮಾವನಿಗೆ ಹೇಳಿದೆ.

ಮುಂದಿನ ವಾರ ಭತ್ತದ ಗದ್ದೆ ನೋಡಲು ನ್ಯಾಮತಿಗೆ ಬಂದ ಸಾಹೇಬರು ಮಾವನ ಮನೆಗೂ ಬಂದರು. ಅತ್ತೆ ಮಂಡಕ್ಕಿ ಮೆಣಸಿನಕಾಯಿ ಮಾಡಿದ್ದರು. ಮಾವ ಆ ಕೆಂಪು ಸ್ವೆಟರ್ ಹಾಕಿಕೊಂಡು ಕೂತಿದ್ದರು, ಬಿಸಿಲಿದ್ದರೂ. ಸಾಹೇಬರು ಪಿಸ್ತೂಲನ್ನು ಬೆಳಕಿಗೆ ಹಿಡಿದು ನೋಡಿದರು.

“ಯಜಮಾನರೇ, ಇದು ಹೆಸರಲ್ಲ. ಇಲ್ಲಿ ನೋಡಿ, ಇದು ಹತ್ತು, ಇದು ನಾಲ್ಕು. ಹದಿನಾಲ್ಕನೇ ವರ್ಷದ ಮಾದರಿ ಅಂತಿದೆ. ಕಾರ್ಖಾನೆಯವರು ಹಾಕಿದ ಗುರುತು.”

ಇಷ್ಟು ವರ್ಷ ಅತ್ತೆ ರಂಗೋಲಿಯಲ್ಲಿ ಬರೆದದ್ದು ಮಾದರಿ ನಂಬರು. ಅತ್ತೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಮಾವನಿಗೆ ನಿರಾಸೆಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

“ಹೋಗ್ಲಿ ಬಿಡ್ರಿ ಸಾಹೇಬ್ರೆ. ಅರ್ಧ ಹೆಸ್ರಾದ್ರೂ ಗೊತ್ತೈತಲ್ಲ. ಅವ್ನೇ ಹೇಳ್ದ. ಮಿಜು ಅಂತ.”

ಸಾಹೇಬರು ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದವರು, “ಮಿಜು ಅಂದರೆ ನೀರು” ಎಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಭತ್ತ ಕಲಿಯಲು ಹೋದವರಿಗೆ ಅಲ್ಲಿ ಮೊದಲು ಕಿವಿಗೆ ಬಿದ್ದ ಮಾತೇ ಅದಂತೆ, ಗದ್ದೆಗೆ ಮಿಜು ಬಿಡಿ, ಮಿಜು ಕಟ್ಟಿ ಎಂದು. ಅದನ್ನೂ ವಿವರಿಸಿದರು. ನನಗೆ ಎದ್ದು ಅವರ ಬಾಯಿ ಮುಚ್ಚಬೇಕು ಅನ್ನಿಸಿತು. ಮಾವ ಕೇಳುತ್ತಾ ಇದ್ದರು, ಕೊನೆಗೆ “ಹೌದ್ರಾ” ಎಂದರು, ಅಷ್ಟೇ. ಬಾಗಿಲವರೆಗೆ ಹೋಗಿ ಕಳಿಸಿಯೂ ಬಂದರು.

ಒಳಗೆ ಬಂದವರು ಕಂಬಕ್ಕೆ ಒರಗಿ ಕೂತರು.

“ನನ್ ಸೊಂಟದಾಗೆ ನೀರಿನ ಬಾಟ್ಲಿ ಇತ್ತು ಕಣವ್ವ. ತುಂಬಾ ಇತ್ತು. ನೀರು ಕೇಳ್ದೋನಿಗೆ ನಾನು ನನ್ ಹೆಸ್ರು ಹೇಳ್ದೆ.”

ಅತ್ತೆ ಹತ್ತಿರ ಬಂದು ಕೂತರು. “ವರ್ಸಾ ವರ್ಸಾ ಎಡೆ ಪಕ್ಕದಾಗೆ ನೀರು ಇಟ್ಟೀವಲ್ಲ? ಮಿಜು ಬಾ ಅಂದ್ರೆ ನೀರಿಗೆ ಬಾ ಅಂದಂಗೇ ಆತು. ಕುಡುದೇ ಹೋಗಿರ್ತಾನೆ, ಸುಮ್ನಿರ್ರಿ.”

ಓದು ಬರಹ ಬಾರದ ಆಕೆಗೆ ಆ ಹೊತ್ತಿನಲ್ಲಿ ಆ ಮಾತು ಹೇಗೆ ಹೊಳೆಯಿತೋ. ಆದರೆ ಮಾವ ತಲೆಯಾಡಿಸಿದರು. “ಅದೆಲ್ಲ ಈಗಿನ ಮಾತು. ಆವತ್ತು ಇತ್ತು, ಕೊಡ್ಲಿಲ್ಲ.” ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದು ಅತ್ತುಬಿಟ್ಟೆ.

ಆ ಸಲದ ಅಮಾವಾಸ್ಯೆಗೆ ರಂಗೋಲಿ ಅಕ್ಷರ ಇರಲಿಲ್ಲ. ಎಲೆ ಹಾಕಿತ್ತು, ನೀರಿತ್ತು. ಮಾವ ಕೈಮುಗಿದು ಕೂತರು. “ಏನಂತ ಕರೀಲಿ? ಇದ್ದೊಂದು ಹೆಸ್ರೂ ಹೋತು” ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, “ನಾ ಸತ್ತ ಮ್ಯಾಲೆ ನನ್ನೂ ಹೆಸ್ರು ಹಿಡಿದು ಕರಿಸಬ್ಯಾಡ. ಅವ್ನಿಗಿಲ್ಲದ್ದು ನಂಗ್ಯಾಕೆ” ಎಂದರು. ಹಬ್ಬದ ದಿನ ಎಂಥ ಮಾತಾಡ್ತೀರಿ ಎಂದು ಅತ್ತೆ ಗದರಿಸಿದರು.

ಕೆಲವು ವರ್ಷಗಳ ನಂತರ ಮಾವ ಜ್ವರ ಬಂದು ಹೋದರು. ಲೈಸೆನ್ಸ್ ಇದ್ದವರೇ ಇಲ್ಲವಾದ್ದರಿಂದ ಪಿಸ್ತೂಲು ಸರ್ಕಾರಕ್ಕೆ ಒಪ್ಪಿಸಬೇಕಾಯಿತು. ಅತ್ತೆಯ ಜೊತೆ ನಾನೂ ಹೊನ್ನಾಳಿ ಠಾಣೆಗೆ ಹೋದೆ. ಅಲ್ಲಿದ್ದವರು “ಯಾರ ಹೆಸ್ರಾಗೈತಮ್ಮ ಇದು?” ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಮ್ಮಲ್ಲಿ ಆ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆಕೆ ಜೀವಮಾನದಲ್ಲಿ ಹೇಳಿದವರಲ್ಲ. ನಾನೇ ಹೇಳಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಖಾಲಿ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮಾವನಿಗೆ ಮೊದಲ ಎಡೆ ಇಡುವ ಅಮಾವಾಸ್ಯೆಗೆ ಚನ್ನಗಿರಿಯಿಂದ ಮಗಳು ಅಳಿಯ ಬಂದರು. ಎಲ್ಲ ಬಡಿಸಿ ಆದ ಮೇಲೆ ಅಳಿಯ ಕೈಮುಗಿದು ಮಾವನ ಹೆಸರೆತ್ತಲು ಹೋದ. ಅತ್ತೆ “ಬ್ಯಾಡ” ಎಂದರು.

“ಹೆಸ್ರು ಹೇಳ್ದೆ ಎಡೆ ಹೆಂಗೆ ಮುಟ್ಟುತ್ತೆ ಅತ್ತೆ? ಮಾವಾರು ಉಪವಾಸ ಹೋಗ್ಲಾ?”

“ಅವ್ರು ಹೇಳಿ ಹೋಗ್ಯಾರೆ. ಸುಮ್ನಿರು.”

ಅತ್ತೆ ತಂಬಿಗೆಯಿಂದ ಲೋಟದ ತುಂಬ ನೀರು ಬಗ್ಗಿಸಿ, ತೆರೆದ ಬಾಗಿಲ ಕಡೆ ನೋಡಿ, “ನೀರು ಕುಡಿಯಾಕೆ ಬರ್ರಿ” ಎಂದರು. ಬರ್ರಿ ಎಂದರೆ ನಮ್ಮಲ್ಲಿ ಗಂಡನನ್ನು ಕರೆದಂತೆಯೂ ಆಗುತ್ತದೆ, ಇಬ್ಬರನ್ನು ಕರೆದಂತೆಯೂ ಆಗುತ್ತದೆ. ಯಾರನ್ನು ಕರೆದಿರಿ ಎಂದು ಆಕೆಯನ್ನು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ…

ಈಗ ಅತ್ತೆಯೂ ಇಲ್ಲ. ಆ ಮನೆ ಕೆಡವಿ ಮೊಬೈಲ್ ಅಂಗಡಿ ಮಾಡಿದ್ದಾರೆ. ಪಿಸ್ತೂಲನ್ನು ಕರಗಿಸಿದರೋ, ಯಾವ ಕೋಣೆಯಲ್ಲಿ ಬಿದ್ದಿದೆಯೋ ತಿಳಿಯದು. ಅಮಾವಾಸ್ಯೆಯ ದಿನ ನಮ್ಮ ಹಿರಿಯರನ್ನೆಲ್ಲ ಹೆಸರು ಹಿಡಿದು ಕರೆದಾದ ಮೇಲೆ ನಾನೂ ಬಾಗಿಲ ಹತ್ತಿರ ಒಂದು ಲೋಟ ನೀರಿಟ್ಟು, ಬರ್ರಿ ಎನ್ನುತ್ತೇನೆ. ಮಾವನ ಹೆಸರು ನಾಲಿಗೆ ತುದಿಗೆ ಬರುತ್ತದೆ. ಹೇಳುವುದಿಲ್ಲ, ಇಲ್ಲಿಯೂ ಬರೆದಿಲ್ಲ. ಓಣಿಯಲ್ಲಿ ಆ ಹೆಸರು ಗೊತ್ತಿರುವವಳು ಈಗ ನಾನೊಬ್ಬಳೇ. ನಾನೂ ಹೋದ ಮೇಲೆ ಇಬ್ಬರಿಗೂ ಹೆಸರಿರುವುದಿಲ್ಲ.