ಲೇಥಿನ ಮೇಲಿನ ಕುಂಕುಮ

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಬಣ್ಣ ನೋಡಬೇಡಿ. ಬಣ್ಣ ಹೊಡೆಸುವವರು ನಾವೇ. ಕಳಂಬೋಲಿಯ ನನ್ನ ಗೋದಾಮಿಗೆ ಗಿರಾಕಿ ಬರುತ್ತಾನೆಂದರೆ ಹಿಂದಿನ ದಿನವೇ ನಮ್ಮ ಕೆಲಸದವರು ಯಂತ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಮೇಲೊಂದು ಕೈ ರೆಡ್ ಆಕ್ಸೈಡ್ ಬಳಿಯುತ್ತಾರೆ. ಡೊಂಬಿವಲಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಬದುಕು ಶುರುಮಾಡಿದವನು ನಾನು. ತೊಳೆದದ್ದೇ ಮಾರಾಟವಾಗುತ್ತದೆ ಎಂಬುದನ್ನು ಅಲ್ಲೇ ಕಲಿತದ್ದು.

ಮಗಳು ಠಾಣೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಾಳೆ. ಮುಚ್ಚಿದ ಕಾರ್ಖಾನೆಗಳ ಬಗ್ಗೆ ಬರೆಯುವುದು ಅವಳ ಹುಚ್ಚು. ವಿಠ್ಠಲವಾಡಿಯ ಒಂದು ಹಳೆಯ ವರ್ಕ್‌ಶಾಪಿನಲ್ಲಿ ಅವಳು ಕಂಡುಕೊಂಡದ್ದು ಇಷ್ಟು: ಪ್ರತಿ ಆಯುಧಪೂಜೆಗೆ ಕೆಲಸಗಾರರು ಕಬ್ಬಿಣ ಕಡೆಯುವ ಲೇಥಿನ ತಲೆಗೆ ಕುಂಕುಮ ಹಚ್ಚುತ್ತಿದ್ದರು, ಆದರೆ ಓಡುವ ಲೇಥಿಗೆ ಮಾತ್ರ. ಎಣ್ಣೆ, ಧೂಳಿನ ಜೊತೆ ಸೇರಿ ಅದು ಪದರಪದರವಾಗಿ ಗಟ್ಟಿಯಾಗಿತ್ತು. ಆ ಪದರ ನೋಡಿಯೇ ಯಾವ ಲೇಥ್ ಕೊನೆಯವರೆಗೂ ದುಡಿಯಿತು, ಯಾವುದು ಮೊದಲೇ ನಿಂತಿತು ಎಂದು ಹೇಳಬಹುದು ಎಂಬುದು ಅವಳ ವಾದ. ಅದನ್ನು ಬರೆದು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದಳು. ಅವರು ಒಪ್ಪಿದರು, ಆದರೆ ಪದರಗಳ ಸ್ಪಷ್ಟ ಫೋಟೊ ಬೇಕೆಂದರು. ಅವಳ ಹತ್ತಿರ ಇದ್ದದ್ದು ಆ ಕತ್ತಲೆ ಶೆಡ್ಡಿನಲ್ಲಿ ತೆಗೆದ ಮಸುಕು ಚಿತ್ರ.

ಅಷ್ಟರಲ್ಲಿ ಆ ವರ್ಕ್‌ಶಾಪಿನ ಸಾಮಾನನ್ನು ಹರಾಜಿನಲ್ಲಿ ನಾನೇ ಹಿಡಿದಿದ್ದೆ. ಲೇಥುಗಳೆಲ್ಲ ಗೋದಾಮಿಗೆ ಬಂದು ಬಿದ್ದಿದ್ದವು. ಮನೆಯ ಮಾಲು ಮಗಳ ಕೆಲಸಕ್ಕೆ ಬಂತೆಂದು ನನಗೆ ಹೆಮ್ಮೆ. ಗೋದಾಮು ನೋಡಿಕೊಳ್ಳುವ ವಿಜಯಪುರದ ಕಡೆಯವನಿಗೆ ಫೋನ್ ಮಾಡಿ, "ನಾಳೆ ಮಗಳು ಆ ಲೇಥ್ ನೋಡ್ಲಿಕ್ಕೆ ಬರ್ತಾಳೆ ಮಾರಾಯ, ಸ್ವಲ್ಪ ಜಾಗ ಮಾಡಿಡು" ಎಂದೆ.

ಬೆಳಿಗ್ಗೆ ಹೋದರೆ ಲೇಥುಗಳು ಮದುವೆಗೆ ಹೊರಟವರ ಹಾಗೆ ಕೆಂಪಗೆ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಮಗಳು ಕ್ಯಾಮರಾ ಹೊರಗೆ ತೆಗೆಯಲೇ ಇಲ್ಲ.

"ಪಪ್ಪಾ, ಯೇ ಕ್ಯಾ ಹೈ?" ಎಂದಳು. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಏನೇ ಹೇಳಲಿ, ಉತ್ತರ ಹಿಂದಿಯಲ್ಲೇ.

ವಿಜಯಪುರದವನು ಬ್ರಷ್ ಹಿಡಿದೇ ಬಂದ. "ಅಕ್ಕಾರ ಬರ್ತಾರಂತ ಎರಡ ಕೈ ಹೊಡದೇನ್ರಿ ಸೇಠ. ಬ್ಯಾರೆ ಗಿರಾಕಿಗೆ ಒಂದ ಕೈ ಅಷ್ಟ."

"ಕುಂಕುಮ ಇತ್ತಲ್ಲ?" ಎಂದೆ.

"ಭಾಳ ಗಟ್ಟಿ ಹಿಡದಿತ್ರಿ. ಚಾಣ ಹಚ್ಚಿ ಕೆತ್ತಿ ತಗದೆ."

ಯಾರು ಬಂದರೂ ತೊಳೆದು ತೋರಿಸುವುದು ನಾನೇ ಕಲಿಸಿದ ಪಾಠ.

ವಾಪಸು ಹೊರಟ ಕಾರು ವಾಶಿ ದಾಟಿತು. ನಾನೊಂದು ದಾರಿ ಹೇಳಿದೆ. "ಆ ಹಳೆ ಫೋಟೊ ಉಂಟಲ್ಲ, ಫೋನಲ್ಲಿ ಸ್ವಲ್ಪ ಬೆಳಕು ಮಾಡಿ ಕಳಿಸು. ಬೇಕಾದ್ರೆ ಒಂದು ಲೇಥಿಗೆ ಕುಂಕುಮ ಹಚ್ಚಿಸಿಕೊಡ್ತೇನೆ. ಅವರೆಂತ ಇಲ್ಲಿ ಬಂದು ನೋಡ್ತಾರಾ?"

"ನಹೀ ಪಪ್ಪಾ. ಜೋ ಹುವಾ, ವಹೀ ಲಿಖೂಂಗೀ." ಆದದ್ದನ್ನೇ ಬರೆಯುತ್ತಾಳಂತೆ.

"ಮಾಲಿನ ಪೆಟ್ಟು ನಾವೇ ತೋರಿಸಿದ್ರೆ ರೇಟು ಬೀಳ್ತದೆ ಮಗಾ."

"ಗಿರ್ನೇ ದೋ." ಬಿದ್ದರೆ ಬೀಳಲಿ ಎಂದಳು.

ಬಿತ್ತು. ಪತ್ರಿಕೆಯವರು ಲೇಖನವನ್ನು ಎರಡು ಪುಟದ ಟಿಪ್ಪಣಿಗೆ ಇಳಿಸಿದರು. ಅವಳು ಖಚಿತವಾಗಿ ಹೇಳಿದ್ದೆಲ್ಲ ಊಹೆಯ ಸಾಲಿಗೆ ಸೇರಿತು. ಅಚ್ಚಾದ ಚಿತ್ರದಲ್ಲಿರುವುದು ನನ್ನ ಕೆಂಪು ಲೇಥ್. ಕೆಳಗೆ, ಮಾರಾಟಕ್ಕಾಗಿ ತೊಳೆದದ್ದು, ಪದರ ಉಳಿದಿಲ್ಲ ಎಂದು ಅವಳೇ ಬರೆದ ಸಾಲು. ನಾನಾಗಿದ್ದರೆ ಇನ್ನೆರಡು ಪತ್ರಿಕೆಗಳಲ್ಲಿ ವಿಚಾರಿಸಿ ಚೌಕಾಸಿ ಮಾಡುತ್ತಿದ್ದೆ. ಅವಳಿಗೆ ಹೇಳಿ ಹೇಳಿ ಸಾಕಾಗಿದೆ.

ಮೊನ್ನೆ ಕಲ್ಯಾಣದ ಕಡೆಯ ಇನ್ನೊಂದು ಮುಚ್ಚಿದ ಶೆಡ್ಡಿನಿಂದ ಒಂದು ಲೇಥ್ ಗೋದಾಮಿನ ಅಂಗಳಕ್ಕೆ ಬಂದಿಳಿಯಿತು. ತಲೆಯ ಮೇಲೆ ದಪ್ಪ ಕುಂಕುಮ.

"ತೊಳೀಲೇನ್ರಿ ಸೇಠ?"

"ಬೇಡ. ಮೊದ್ಲು ಅಕ್ಕ ನೋಡ್ಲಿ."

"ಅಕ್ಕಾರ ಯಾವಾಗ ಬರ್ತಾರ?"

ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿದೆ. ಭಾನುವಾರ ನೋಡೋಣ ಎಂದಿದ್ದಾಳೆ. ಯಾವ ಭಾನುವಾರ ಎಂದು ಹೇಳಿಲ್ಲ. ಬಂದ ಗಿರಾಕಿಗಳು ಅದರ ಮೇಲೊಮ್ಮೆ ಕಣ್ಣಾಡಿಸಿ ಪಕ್ಕದ ಬಣ್ಣದ್ದರ ಕಡೆ ಹೋಗುತ್ತಾರೆ. ಮಳೆ ಬಿದ್ದು ಕುಂಕುಮ ಹಾಳಾದೀತೆಂದು ತಾಡಪತ್ರಿ ಹೊದಿಸಿದ್ದೇನೆ. ಹೊದಿಸಿಟ್ಟ ಮಾಲನ್ನು ಯಾರೂ ಕೇಳುವುದಿಲ್ಲ. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.