ನಲ್ಲಿಯ ಕೆಳಗೆ ತೊಳೆದ ಸ್ಲೈಡುಗಳು

ಜುಹರಾ, ನಿನ್ನ ಈರುಳ್ಳಿ ಬೇರುಗಳು ಸತ್ತಿರಲಿಲ್ಲ. ಸತ್ತಿವೆ ಎಂದು ನಾನು ಸುಳ್ಳು ಹೇಳಿದೆ — ಕಣ್ಣಾರೆ ನೋಡಿಯೂ, ಬೇಕೆಂದೇ.

ತೊಂಬತ್ತರ ದಶಕದ ಕೊನೆ, ಮೂಡುಬಿದಿರೆಯಲ್ಲಿ ನಮ್ಮ ಎಂ.ಎಸ್ಸಿ.ಯ ಕೊನೆಯ ವರ್ಷ. ಗಾಯ ತೊಳೆಯುವ ಪೆರಾಕ್ಸೈಡಿನಲ್ಲಿ ಬೇರು ಅದ್ದಿದರೆ ಕೋಶದ ಡಿಎನ್‌ಎ ಹಾಳಾಗುತ್ತದೆ, ವಿಭಜನೆ ನಿಲ್ಲುತ್ತದೆ. ಅದು ಸಾವಲ್ಲ, ಹಾಳಾದದ್ದನ್ನು ಮರಿಕೋಶಗಳಿಗೆ ಹಂಚದೆ, ರಿಪೇರಿ ಮುಗಿಯುವ ತನಕ ಕಾಯುವುದು — ಇದನ್ನು ತೋರಿಸುವುದೇ ನಿನ್ನ ಪ್ರಾಜೆಕ್ಟು. ನಿನ್ನದು! ಹಾಸ್ಟೆಲಿನ ಜಗಲಿಯಲ್ಲಿ ಇಬ್ಬರೂ ಕೂತು ಯೋಚಿಸಿದ ವಿಷಯವದು. ನೀನೊಬ್ಬಳೇ ನಮ್ಮ ಗೈಡ್ ಸರ್ ಹತ್ತಿರ ಹೋಗಿ ಬಂದೆ, ನಿನಗೇ ಸಿಕ್ಕಿತು. ಬೆನ್ನಿಗೆ ಚೂರಿ ಹಾಕಿದಳು ಎಂದು ನನ್ನ ಹೊಟ್ಟೆ ಉರಿದುಹೋಯಿತು. ಯಾಕೆ ಎಂದು ಒಂದು ಮಾತು ಕೇಳಲಿಲ್ಲ — ಕೇಳಿದ್ದರೆ...

ಸರ್ ಮೆಚ್ಚಿದರೆ ಪಿಎಚ್.ಡಿ., ಇಲ್ಲದಿದ್ದರೆ ಮದುವೆ ಎಂದು ನಿನ್ನ ತಂದೆ ಹೇಳಿದ್ದರು. ಅದೂ ನನಗೆ ಗೊತ್ತಿತ್ತು.

ಪೆರಾಕ್ಸೈಡಿನಿಂದ ತೆಗೆದ ಬೇರುಗಳನ್ನು ಒಳ್ಳೆ ನೀರಿಗಿಟ್ಟು ನೀನು ಹಬ್ಬಕ್ಕೆ ಊರಿಗೆ ಹೊರಟೆ.

"ನೀರು ಬದಲಿಸು ಮಾರಾಯ್ತಿ. ಬೆಳಿಗ್ಗೆಯೇ ತುದಿ ಕೊಯ್ದು ನೋಡು. ನೀನು ನೋಡಿದ್ರೆ ನಾನು ನೋಡಿದ ಹಾಗೇ."

ಕೊಯ್ದೆ. ಬಣ್ಣ ಹಾಕಿ, ಬಿಸಿ ಮಾಡಿ, ಸ್ಲೈಡಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ — ಅಯ್ಯೋ, ಎಷ್ಟು ಚಂದ! ಎಷ್ಟೋ ಕೋಶಗಳಲ್ಲಿ ವರ್ಣತಂತುಗಳು ಎರಡು ಕಡೆಗೆ ಪಾಲಾಗಿದ್ದವು, ವಿಭಜನೆ ಮತ್ತೆ ಶುರುವಾಗಿತ್ತು. ನೀನು ಹೇಳಿದ್ದೇ ಸರಿ. ಸ್ಲೈಡುಗಳನ್ನು ನಲ್ಲಿಯ ಕೆಳಗೆ ಹಿಡಿದೆ. ಉಳಿದ ಬೇರುಗಳನ್ನೂ ಎಸೆದೆ.

"ಒಂದೂ ವಿಭಜನೆ ಇಲ್ಲ. ಎಲ್ಲ ಕೊಳೆತು ಹೋಗಿತ್ತು," ಎಂದೆ, ನೀನು ಬಂದಾಗ.

ನೀನು ನಂಬಿದೆ. ಪುನಃ ಮಾಡಲು ಸಮಯವಿರಲಿಲ್ಲ. ಕೋಶಗಳು ಸತ್ತವು ಎಂದೇ ನೀನು ಬರೆದುಕೊಟ್ಟೆ, ಸರ್ ಮುಖ ಸಿಂಡರಿಸಿದರು. ಆ ವರ್ಷವೇ ನಿನ್ನ ನಿಕಾಹ್. ನಾನೂ ಬಂದು ಬಿರಿಯಾನಿ ಉಂಡೆ, ನಾಚಿಕೆಗೆಟ್ಟವಳು.

ವರ್ಷಗಳ ಮೇಲೆ, ನಾನು ಬೆಳ್ತಂಗಡಿಯಲ್ಲಿ ಪಾಠ ಮಾಡಿಕೊಂಡಿದ್ದಾಗ, ಪಾಣೆಮಂಗಳೂರಿನ ನಿನ್ನ ಗಂಡನ ಅಂಗಡಿಯಲ್ಲಿ ನೀನು ಸಿಕ್ಕಿದೆ. ಧೈರ್ಯ ಮಾಡಿ ಕೇಳಿದೆ: "ಅವತ್ತು ಸರ್ ಹತ್ತಿರ ಒಬ್ಬಳೇ ಯಾಕೆ ಹೋದದ್ದು?"

"ಇಬ್ಬರ ಹೆಸರೂ ಹೇಳಿದ್ದೆ ಮಾರಾಯ್ತಿ. ಒಬ್ಬಳಿಗೆ ಮಾತ್ರ ಅಂದ್ರು ಅವರು. ನಿಂಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ." ಆಮೇಲೆ ನೀನು ನಕ್ಕೆ. "ನನ್ನ ತಲೆ ಓದಿಗೆ ಆಗುವಂಥದ್ದಲ್ಲ ಅಂತ ಆ ಬೇರು ನೋಡಿಯೇ ಗೊತ್ತಾಯ್ತು ಬಿಡು."

ಅಷ್ಟು ಕೇಳಿಯೂ ನಾನು ಸಾಮಾನಿನ ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ.

ನಾಳೆ ಬರುತ್ತೇನೆ, ಜುಹರಾ. ನಿನ್ನ ಮಕ್ಕಳ ಎದುರೇ ಹೇಳುತ್ತೇನೆ. ನೀನು ಬಾಗಿಲು ಹಾಕಿದರೆ ಹೊರಗೆ ನಿಂತು ಹೇಳುತ್ತೇನೆ.